ಹಸಿರು ಬಿರಡೆ

6 ಅಕ್ಟೋಬರ್ 1975, ಸೋಮವಾರ

ಕಾರ್ಖಾನೆಯ ಬಾಗಿಲಿಗೆ ಚೀಟಿ ಅಂಟಿಸಿದ್ದಾರೆ: ಮುಂದಿನ ಸೂಚನೆಯವರೆಗೆ ಶುಕ್ರವಾರ ಕೆಲಸವಿಲ್ಲ. ಕಾರಣ ಬರೆದಿಲ್ಲ. ಬರೆಯಬೇಕಾಗಿಯೂ ಇಲ್ಲ. ಜಪಾನಿನವರ ಬ್ಯಾಟರಿ ಗಡಿಯಾರದ ವಿಷಯ ಸ್ವಿಟ್ಜರ್ಲೆಂಡಿನ ಈ ಜುರಾ ಕಣಿವೆಯ ಹಸುಗಳಿಗೂ ಗೊತ್ತು. ಅಂಥದ್ದು ಬರುತ್ತದೆ ಎಂದು ವರ್ಷಗಳ ಹಿಂದೆಯೇ ಪತ್ರಿಕೆಯಲ್ಲಿ ಓದಿ ಕತ್ತರಿಸಿ ಇಟ್ಟಿದ್ದೇನೆ. ನಮ್ಮ ಧಣಿಗಳೂ ಓದಿದ್ದರು, ಓದಿ ನಕ್ಕಿದ್ದರು. ಈಗ ನಗುವುದನ್ನು ಬಿಟ್ಟು ಚೀಟಿ ಅಂಟಿಸುತ್ತಿದ್ದಾರೆ.

ಸಾಲದ್ದಕ್ಕೆ ಜ್ಯೂರಿಕ್‌ನಿಂದ ಒಬ್ಬನನ್ನು ಕರೆಸಿದ್ದಾರೆ, ಯಾರು ಎಷ್ಟು ಹೊತ್ತಿಗೆ ಎಷ್ಟು ಕೆಲಸ ಮಾಡುತ್ತಾರೆ ಎಂದು ಅಳೆಯಲು. ಸ್ಟಾಪ್‌ವಾಚ್ ಹಿಡಿದು ಪರೀಕ್ಷಕಿಯರ ಸಾಲಿಗೆ ಬಂದು ನನ್ನ ಬೆನ್ನ ಹಿಂದೆ ನಿಂತ.

"ನೀವು ನಿಜವಾಗಿ ಏನ್ ಮಾಡ್ತೀರಿ, ಮದಮ್ವಾಜೆಲ್?"

"ನೋಡ್ತೀನಿ."

"ಅಷ್ಟೇನಾ?"

ಚಿಮಟದಲ್ಲಿ ಒಂದು ಅಚ್ಚು ಎತ್ತಿ ಅವನ ಮುಂದೆ ಹಿಡಿದೆ. ಅವನಿಗೆ ಚಿಮಟ ಕಂಡಿತು, ಅಚ್ಚು ಕಾಣಲಿಲ್ಲ. ಕೈಗಡಿಯಾರದ ತೂಗುಚಕ್ರ ತಿರುಗುವುದು ಇದರ ಮೇಲೆ, ಇದರ ಎರಡು ಮೊನೆಗಳೂ ತಲೆಗೂದಲಿನಷ್ಟೇ ದಪ್ಪ, ಆ ಮೊನೆಯಲ್ಲಿ ಒಂದು ಸಿಬಿರು ಉಳಿದರೂ ಅದು ಕೂರುವ ಮಾಣಿಕ್ಯದ ಕಲ್ಲಿನ ತೂತಿನಲ್ಲಿ ಸಿಕ್ಕಿಕೊಂಡು ಗಡಿಯಾರ ನಿಲ್ಲುತ್ತದೆ ಎಂದು ವಿವರಿಸಿದೆ. ಅವನು ಮೂಗರಳಿಸಿ, "ಇಲ್ಲಿ ಉಗುರುಬಣ್ಣದ ವಾಸನೆ ಯಾಕೆ?" ಎಂದ.

"ನಾವು ಹೆಂಗಸರಲ್ವಾ ಮಸ್ಯೂ, ಸಂಜೆ ಕುಣಿಯೋಕೆ ಹೋಗ್ತೀವಿ," ಎಂದಳು ಪಕ್ಕದ ಮೇಜಿನ ನೂನ್ಸಿಯ. ಆಮೇಲೆ ತೋರಿಸಿದಳು. ನೋಡಿ ಮುಗಿಸಿದ ಅಚ್ಚುಗಳನ್ನು ಗಾಜಿನ ಪುಟ್ಟ ನಳಿಗೆಗೆ ತುಂಬಿ, ಬಿರಡೆ ಒತ್ತಿ, ಬಿರಡೆಯ ತಲೆಗೆ, ಗಾಜಿನ ಅಂಚಿಗೂ ಅಂಟುವಂತೆ, ಅವರವರ ಉಗುರುಬಣ್ಣದ ಒಂದು ಬೊಟ್ಟು ಇಡುತ್ತೇವೆ, ನೋಡಿದ್ದು ಯಾರು ಎಂದು ತಿಳಿಯಲು. ಅವಳದು ಕೆಂಪು, ನನ್ನದು ಹಸಿರು. "ಈ ಹಸಿರು ಯಾವತ್ತೂ ವಾಪಸ್ ಬಂದಿಲ್ಲ. ಬರ್ಕೊಳ್ಳಿ," ಎಂದಳು. ಅವನು ಬರೆದುಕೊಳ್ಳಲಿಲ್ಲ.

ನೂನ್ಸಿಯ ದಕ್ಷಿಣ ಇಟಲಿಯವಳು. ಎಂಟು ವರ್ಷದಿಂದ ನನ್ನ ಪಕ್ಕ ಕೂರುತ್ತಾಳೆ. ಕೆಲಸ ಒಳ್ಳೆಯದೇ, ಆದರೆ ಅನುಮಾನ ಬಂದ ಅಚ್ಚನ್ನು ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಎಳೆದು ನೋಡುತ್ತಾಳೆ. ಸಿಬಿರಿದ್ದರೆ ಗೀರುತ್ತದೆ. ಹಳೆಯ ರಿಪೇರಿಯವರ ರೂಢಿ. ನನಗೆ ಅದರ ಅಗತ್ಯ ಬಿದ್ದಿಲ್ಲ. ಕಣ್ಣಿರುವಾಗ ಉಗುರು ಯಾಕೆ?

17 ಅಕ್ಟೋಬರ್, ಶುಕ್ರವಾರ

ಕೆಲಸವಿಲ್ಲದ ಶುಕ್ರವಾರ. ಗ್ರಂಥಾಲಯಕ್ಕೆ ಹೋಗಿದ್ದೆ. ಪತ್ರಿಕೆಯವರು ಮಸಿಯಲ್ಲೂ ಉಳಿತಾಯ ಶುರುಮಾಡಿದ್ದಾರೆ. ಅಕ್ಷರಗಳು ಬೂದಿಯ ಬಣ್ಣಕ್ಕಿವೆ, ಸಾಲಿಗೆ ಸಾಲು ಅಂಟಿದಂತೆ. ಹಣ ಮಾತ್ರ ಪೂರ್ತಿ ತೆಗೆದುಕೊಳ್ಳುತ್ತಾರೆ.

ಓದಿದ್ದರಲ್ಲಿ ಹೊಸದೇನೂ ಇರಲಿಲ್ಲ. ಬೇರೆ ಕಾರ್ಖಾನೆಗಳಲ್ಲೂ ವಿದೇಶೀಯರನ್ನು ಮೊದಲು ಕಳಿಸುತ್ತಿದ್ದಾರೆ. ಕೆಲಸ ಹೋದರೆ ಅವರ ಪರವಾನಗಿಯೂ ಹೋಗುತ್ತದೆ, ಪರವಾನಗಿ ಹೋದವರು ರೈಲು ಹತ್ತುತ್ತಾರೆ. ಆಮೇಲೆ ನಮ್ಮ ಮಂತ್ರಿಗಳು, ನಮ್ಮ ದೇಶದಲ್ಲಿ ನಿರುದ್ಯೋಗವೇ ಇಲ್ಲ ಎಂದು ಹೊರಗಿನವರ ಮುಂದೆ ಹೇಳಿಕೊಳ್ಳುತ್ತಾರೆ.

ನನಗೆ 1932 ನೆನಪಿದೆ. ಆಗ ಕಳಿಸಲು ವಿದೇಶೀಯರಿರಲಿಲ್ಲ, ನಮ್ಮವರನ್ನೇ ಕಳಿಸಿದರು. ಅಪ್ಪ ಈ ಬೀದಿಯಲ್ಲೇ ಒಳ್ಳೆಯ ಅಚ್ಚುಗಾರ. ಅವನ ಕೈಗೆ ಗುದ್ದಲಿ ಕೊಟ್ಟು ರಸ್ತೆ ಅಗೆಯಲು ಹಚ್ಚಿದರು. ಹಿಮ ಕರಗುವ ಹೊತ್ತಿಗೆ ಅವನ ಬೆರಳಲ್ಲಿ ಚಿಮಟ ನಿಲ್ಲುತ್ತಿರಲಿಲ್ಲ. ಧಣಿಯ ಮನೆಗೆ ಹೋಗಿ ಒಂದು ಮಾತು ಹೇಳಿ ಎಂದು ಅಮ್ಮ ಪಕ್ಕದವರನ್ನೆಲ್ಲ ಬೇಡಿದಳು. ಎಲ್ಲರಿಗೂ ಆವತ್ತು ಬೇರೆ ಕೆಲಸವಿತ್ತು. ಆ ಮುಖಗಳನ್ನು ಒಂದೊಂದಾಗಿ ಈಗಲೂ ಹೇಳಬಲ್ಲೆ.

30 ಅಕ್ಟೋಬರ್, ಗುರುವಾರ

ಮೇಜಿನ ದೀಪಗಳಿಗೆ ಕಡಿಮೆ ಬೆಳಕಿನ ಬಲ್ಬು ಹಾಕಿದ್ದಾರೆ. ಕೇಳದೆ, ಹೇಳದೆ. ನೂನ್ಸಿಯಳಿಗೆ ತೋರಿಸಿದರೆ, "ಅದೇ ಬಲ್ಬು ಮದಮ್ವಾಜೆಲ್, ಹೋದ ವರ್ಷದ್ದೇ," ಎಂದಳು. ವಿದೇಶೀಯರು ದೂರುವುದಕ್ಕೆ ಹೆದರುತ್ತಾರೆ. ತಪ್ಪು ಅವರದಲ್ಲ.

ಇನ್ನೊಂದು ವಿಷಯ. ಹಸಿರು ಬಣ್ಣದ ಬಾಟಲಿ ಮತ್ತೆ ಖಾಲಿ. ಎರಡು ವಾರಕ್ಕೊಂದು ಬೇಕಾಗುತ್ತಿದೆ. ಯಾರೋ ಬಳಸುತ್ತಿದ್ದಾರೆ. ಕದಿಯುವುದಕ್ಕೆ ಹಸಿರೇ ಬೇಕಿತ್ತೆ, ಹಸಿರು ಉಗುರಿನವಳನ್ನು ಈ ಊರಲ್ಲಿ ನಾನಂತೂ ಕಂಡಿಲ್ಲ.

ಊಟಕ್ಕೆ ಮನೆಗೆ ಹೋಗಿ ಬಂದಾಗ ನೂನ್ಸಿಯ ಇನ್ನೂ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡೇ ಕೂತಿದ್ದಳು, ಪಕ್ಕದಲ್ಲಿ ಕಚ್ಚಿ ಬಿಟ್ಟ ಬ್ರೆಡ್ಡು.

"ದಿನಾ ಊಟದ ಹೊತ್ತಲ್ಲೂ ಕೆಲಸಾನಾ? ಅವರಿಗೆ ಬಿಟ್ಟಿ ದುಡೀಬೇಡ ಅಂತ ಎಷ್ಟು ಸಲ ಹೇಳಿದೀನಿ?"

"ನಾನು ನಿಧಾನ ಅಲ್ವಾ ಮದಮ್ವಾಜೆಲ್," ಎಂದು ನಕ್ಕಳು.

26 ನವೆಂಬರ್, ಬುಧವಾರ

ಎರಡು ದಿನದಿಂದ ಹಿಮ. ಎದುರಿನ ಛಾವಣಿಯಿಂದ ಕಿಟಕಿಗೆ ಬಿಳಿ ಬೆಳಕು. ನಮ್ಮ ಸಾಲಿನವರಿಗೆ ಹಿಮದ ಬೆಳಕೆಂದರೆ ಹಬ್ಬ, ಸಣ್ಣ ಗೀರೂ ಎದ್ದು ಕಾಣುತ್ತದೆ. ಇವತ್ತು ಮಾತ್ರ ಕಣ್ಣಿಗೆ ಹಿಟ್ಟು ಎರಚಿದ ಹಾಗಿತ್ತು. ಕಿಟಕಿ ಒರೆಸುವವಳನ್ನು ಕೆಲಸದಿಂದ ತೆಗೆದ ಮೇಲೆ ಗಾಜುಗಳ ಗತಿ ಹೀಗಾಗಿದೆ.

ನೂನ್ಸಿಯ ತನ್ನ ಪರವಾನಗಿ ನವೀಕರಿಸಲು ಬಿಯೆನ್‌ಗೆ ಹೋಗಬೇಕಿತ್ತು. ತನಗೆ ಹಲ್ಲುನೋವು ಎಂದು ಪರೀಕ್ಷಾ ವಿಭಾಗದ ಮುಖ್ಯಸ್ಥ ಪೆರೆನೂ ಅವರಿಗೆ ಹೇಳಿ ಬೆಳಿಗ್ಗೆಯೇ ರೈಲು ಹಿಡಿದಳು. ಅವಳ ತಟ್ಟೆ ಹಾಗೇ ಇತ್ತು. ಈಗಿನ ದಿನಗಳಲ್ಲಿ ಒಬ್ಬಳ ತಟ್ಟೆ ಒಂದು ದಿನ ಉಳಿದರೂ ಆ ಜ್ಯೂರಿಕ್‌ನವನ ಕಣ್ಣಿಗೆ ಬೀಳುತ್ತದೆ. ಬಾರದವಳ ತಟ್ಟೆಯನ್ನು ಪಕ್ಕದವಳು ಮುಗಿಸಿ ಅವಳ ಬಣ್ಣವನ್ನೇ ಹಚ್ಚಿಡುವುದು ನಮ್ಮ ಸಾಲಿನ ಹಳೆಯ ರೂಢಿ, ಮೇಲಿನವರಿಗೆ ತಿಳಿಯದಂಥದು. ನನ್ನ ತಟ್ಟೆ ನಾಳೆಗಿರಲಿ, ನನ್ನನ್ನು ಯಾರೂ ಕೇಳುವುದಿಲ್ಲ ಎಂದು ಅವಳದಷ್ಟನ್ನೂ ನೋಡಿ ಮುಗಿಸಿ, ಅವಳ ಕೆಂಪು ಬಾಟಲಿ ತೆಗೆದು ಬೊಟ್ಟಿಟ್ಟೆ. ಒಳ್ಳೆಯ ಮಾಲು. ತೆಗೆದುಹಾಕುವಂಥದ್ದು ನಾಲ್ಕೈದು ಸಿಕ್ಕಿರಬಹುದು, ಅಷ್ಟೇ.

27 ನವೆಂಬರ್, ಗುರುವಾರ

ನೂನ್ಸಿಯ ಕೋಟು ತೆಗೆಯುವ ಮೊದಲೇ ಕೇಳಿದಳು: "ನನ್ನ ತಟ್ಟೆ ಪೂರ್ತಿ ನೀವೇ ನೋಡಿದ್ರಾ?"

"ಇನ್ಯಾರು, ದೇವದೂತರು ಇಳಿದು ಬರ್ತಾರಾ?"

"ಎಲ್ಲಿವೆ ನಳಿಗೆ?"

"ಆಗಲೇ ಉಗ್ರಾಣಕ್ಕೆ ಹೋದ್ವು."

ಅವಳ ಭುಜದ ಮೇಲಿನ ಹಿಮ ಕರಗಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಆಮೇಲೆ, "ಉಪಕಾರ ಆಯ್ತು ಮದಮ್ವಾಜೆಲ್," ಎಂದಳು. ಉಪಕಾರ ಮಾಡಿಸಿಕೊಂಡವರು ಅಂಥ ಮುಖ ಮಾಡಬಾರದು.

24 ಡಿಸೆಂಬರ್, ಬುಧವಾರ

ಬೀದಿದೀಪಗಳ ಸುತ್ತ ದೊಡ್ಡ ಬಳೆಗಳಂತೆ ಬೆಳಕು. ಮಂಜು ಬಹಳ. ಎದುರಿಗೆ ಬಂದ ರೊಟ್ಟಿ ಅಂಗಡಿಯವಳು, "ಮಂಜೆಲ್ಲಿದೆ? ನಕ್ಷತ್ರ ಕಾಣ್ತಿವೆಯಲ್ಲಾ!" ಎಂದಳು. ಹಬ್ಬದ ಸಂಜೆ, ಒಂದೆರಡು ಲೋಟ ಹಾಕಿರಬೇಕು.

ನೂನ್ಸಿಯ ಒಣಗಿದ ಅಂಜೂರ ಕೊಟ್ಟಳು, ಒಳಗೆ ಬಾದಾಮಿ. "ನಿಮ್ಮ ದೇಶದಲ್ಲಿ ಸೂರ್ಯನಿಗೂ ಪರವಾನಗಿ ಬೇಕೇನ್ರೀ? ವರ್ಷಕ್ಕೆ ಎರಡೇ ತಿಂಗಳು ಕೊಟ್ಟ ಹಾಗಿದೆ." ಅವಳ ಪರವಾನಗಿ ಮುಂದಿನ ಡಿಸೆಂಬರ್ ತನಕ ಸಿಕ್ಕಿದೆ, ಕೆಲಸವಿದ್ದರೆ ಎಂಬ ಷರತ್ತಿನ ಮೇಲೆ.

13 ಜನವರಿ 1976, ಮಂಗಳವಾರ

ಗಡಿಯಾರ ಜೋಡಿಸುವ ಕಾರ್ಖಾನೆಯವರು ಒಂದು ಪೆಟ್ಟಿಗೆ ಮಾಲು ಹಿಂದಕ್ಕೆ ಕಳಿಸಿದ್ದಾರೆ. ಮೂರಕ್ಕೊಂದು ಅಚ್ಚಿನಲ್ಲಿ ಸಿಬಿರು. ಪೆರೆನೂ ಪೆಟ್ಟಿಗೆಯನ್ನು ನಮ್ಮ ಮೇಜಿಗೇ ತಂದರು. ಬಾಯಲ್ಲಿ ಪೆಪ್ಪರ್‌ಮಿಂಟು, ಹಣೆಯಲ್ಲಿ ಬೆವರು. ಮೆದು ಮನುಷ್ಯ, ಬೈಯಲೂ ಬರುವುದಿಲ್ಲ.

"ಎಲ್ಲಾ ಕೆಂಪು ಬಿರಡೇನೇ, ನೂನ್ಸಿಯ."

"ಯಾವಾಗಿನದು, ಮಸ್ಯೂ?"

"ನವೆಂಬರ್ ಕೊನೇ ವಾರದ್ದು. ಏನಾಗಿತ್ತು ನಿಂಗೆ? ಇದು ಕಣ್ಣಿದ್ದವರು ನೋಡಿದ್ದಾ?"

ನೂನ್ಸಿಯ ಅವರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. ನಾನು ಮಸೂರ ಹಾಕಿಕೊಂಡು ಕೆಲಸದಲ್ಲಿದ್ದೆ. ಕೊನೆಗೆ, "ನನ್ನ ಬಣ್ಣ ಇದ್ರೆ ನನ್ನದೇ," ಎಂದಳು.

ಆ ಹಿಮದ ಬುಧವಾರ ಅವಳ ತಟ್ಟೆ ನೋಡಿದ್ದು ನಾನು, ಅದು ನನಗೆ ಮರೆತಿಲ್ಲ. ಅದಕ್ಕೇ ಹೇಳುತ್ತೇನೆ, ಇದು ಆ ದಿನದ ಮಾಲಾಗಿರಲು ಸಾಧ್ಯವಿಲ್ಲ. ನಾನು ನೋಡಿದ ಮೇಲೆ ಮೂರಕ್ಕೊಂದು ಎಂದರೆ ಹುಚ್ಚು ಮಾತು. ಆ ವಾರದ ಬೇರೆ ದಿನಗಳಲ್ಲಿ ಅವಳೂ ನೋಡಿದ್ದಾಳಲ್ಲ. ಪರವಾನಗಿಯ ಚಿಂತೆ ಇದ್ದವಳು.

14 ಜನವರಿ, ಬುಧವಾರ

ಉಕ್ಕು. ಅಗ್ಗದ ಉಕ್ಕು ತರಿಸುತ್ತಿದ್ದಾರೆ, ನೋಡಿದ ಮೇಲೆ ನಳಿಗೆಯೊಳಗೇ ಕೆಡುತ್ತಿದೆ.

22 ಜನವರಿ, ಗುರುವಾರ

ಪತ್ರಿಕೆಯಲ್ಲಿ ನನ್ನ ಕಾಗದ ಬಂದಿದೆ, ಒಂದು ಪದವೂ ಕತ್ತರಿಸದೆ. 1932ರಿಂದ ಶುರುಮಾಡಿ, ಐದು ವರ್ಷದ ಹಿಂದೆ, ಹೆಂಗಸರಿಗೆ ಇನ್ನೂ ಮತದ ಹಕ್ಕಿಲ್ಲದಾಗ, ವಿದೇಶೀಯರನ್ನು ಹೊರಗೆ ಹಾಕಬೇಕೇ ಎಂದು ಗಂಡಸರು ಮಾತ್ರ ಮತ ಹಾಕಿದ್ದನ್ನೂ ಸೇರಿಸಿ, ನಮ್ಮ ಗಡಿಯಾರಗಳನ್ನು ನಿಖರವಾಗಿಟ್ಟ ಕೈಗಳನ್ನು ಹೀಗೆ ರೈಲಿಗೆ ತಳ್ಳುವ ದೇಶ ತನ್ನ ಹೊತ್ತನ್ನು ತಾನೇ ಅರಿಯದು ಎಂದು ಮುಗಿಸಿದ್ದೇನೆ. ಗ್ರಂಥಪಾಲಕರು ಎದ್ದು ನಿಂತು ಕೈ ಕುಲುಕಿದರು. "ಈ ಊರಲ್ಲಿ ಧೈರ್ಯ ಅಂದ್ರೆ ನಿಮ್ಮದು, ಮದಮ್ವಾಜೆಲ್ ರೋಸ್ಲೆ."

ಇನ್ನಾದರೂ ನೂನ್ಸಿಯಳ ವಿಷಯದಲ್ಲಿ ಅವರು ಎರಡು ಸಲ ಯೋಚಿಸುತ್ತಾರೆ.

23 ಜನವರಿ, ಶುಕ್ರವಾರ

ನೂನ್ಸಿಯ ನನ್ನ ಮನೆಗೆ ಬಂದಿದ್ದಳು. ಎಂಟು ವರ್ಷದಲ್ಲಿ ಮೊದಲ ಸಲ. ಒಳಗೆ ಬಾ ಎಂದರೂ ಮೆಟ್ಟಿಲ ಮೇಲೇ ನಿಂತಳು.

"ನಿಮ್ಮ ಕಾಗದ ಓದ್ಸಿ ಕೇಳ್ದೆ. ಚೆನ್ನಾಗಿದೆ."

"ನಿನ್ನ ಸಲುವಾಗೇ ಬರೆದದ್ದು."

"ಹೌದಾ? ನಾನು ಅದರಲ್ಲಿ ಎಲ್ಲೂ ಸಿಗ್ಲಿಲ್ಲ." ತಮಾಷೆಯ ಧ್ವನಿಯೇ, ಆದರೆ ನಗಲಿಲ್ಲ. "ಮದಮ್ವಾಜೆಲ್, ಪೆರೆನೂ ಹತ್ರ ಆ ಬುಧವಾರದ ಮಾತು ಹೇಳ್ತೀರಾ? ಮುಂದಿನ ವಾರ ತೀರ್ಮಾನ ಮಾಡ್ತಾರಂತೆ."

"ತಟ್ಟೆ ಬದಲಿಸಿದ್ದು ಗೊತ್ತಾದ್ರೆ ಇಬ್ಬರೂ ಹೋಗ್ತೀವಲ್ಲ."

"ನೀವು ಹೋಗಲ್ಲ. ನಿಮಗೆ ಬೈತಾರೆ. ನಾನು ಹೋಗ್ತೀನಿ."

ಸೋಮವಾರ ಹೇಳುತ್ತೇನೆ ಎಂದೆ. ಇಳಿಯುತ್ತಾ ಮತ್ತೆ ತಿರುಗಿದಳು.

"ಕಣ್ಣಿನ ಡಾಕ್ಟರ ಹತ್ರ ಒಂದ್ಸಲ ಹೋಗಿ ಬನ್ನಿ."

"ನನ್ನ ಕಣ್ಣಿಗೇನಾಗಿದೆ?"

"ಏನೂ ಇಲ್ಲ. ಸುಮ್ನೆ ಹೇಳ್ದೆ."

ಸುಮ್ಮನೆ ಹೇಳುವ ಮಾತೇ ಅದು? ಅವಳಿಗೆ ಅಚ್ಚು ಹಿಡಿಯಲು ಕಲಿಸಿದ್ದು ನಾನು. ಸಂಜೆಯೆಲ್ಲ ಮನಸ್ಸು ಕೆಟ್ಟಿತು, ಓದಲೂ ಆಗಲಿಲ್ಲ.

26 ಜನವರಿ, ಸೋಮವಾರ

ಪೆರೆನೂ ಬಿಯೆನ್‌ಗೆ ಹೋಗಿದ್ದರು.

27 ಜನವರಿ, ಮಂಗಳವಾರ

ಪೆರೆನೂ ಇದ್ದರು. ಕೆಟ್ಟ ಶೀತ, ಕರವಸ್ತ್ರ ಮೂಗಿನಿಂದ ಇಳಿಯುತ್ತಿರಲಿಲ್ಲ. ಇಂಥ ಮಾತಿಗೆ ಅದು ಹೊತ್ತಲ್ಲ.

28 ಜನವರಿ, ಬುಧವಾರ

ಯೋಚಿಸಿದೆ. ಆ ಮಾಲು ನಾನು ನೋಡಿದ್ದೇ ಎಂದು ನನಗೇ ಖಾತ್ರಿಯಿಲ್ಲದಿರುವಾಗ ಹಾಗೆ ಹೇಳುವುದು ಸುಳ್ಳಾಗುತ್ತದೆ. ಜೀವನದಲ್ಲಿ ಸುಳ್ಳು ಹೇಳಿದವಳಲ್ಲ ನಾನು.

29 ಜನವರಿ, ಗುರುವಾರ

ನೂನ್ಸಿಯಳನ್ನು ತೆಗೆದಿದ್ದಾರೆ. ಫೆಬ್ರವರಿ ಕೊನೆಯ ವಾರದವರೆಗೆ ಕೆಲಸ, ತಿಂಗಳ ಕೊನೆಗೆ ದೇಶ ಬಿಡಬೇಕು.

ನಾಚಿಕೆಗೆಟ್ಟವರು. ಒಂದು ಪೆಟ್ಟಿಗೆ ಮಾಲಿಗಾಗಿ! ಇಡೀ ಸಾಲು ತಲೆ ತಗ್ಗಿಸಿ ಕೂತಿತ್ತು, ಒಬ್ಬಳಾದರೂ ಎದ್ದು ಒಂದು ಮಾತು ಆಡಲಿಲ್ಲ. 1932ರ ನೆರೆಹೊರೆಯವರೇ ಮತ್ತೆ ಹುಟ್ಟಿ ಬಂದಿದ್ದಾರೆ. ಪತ್ರಿಕೆಗೆ ಎರಡನೆಯ ಕಾಗದ ಬರೆಯಲು ಕುಳಿತೆ. ಸಾಲುಗಳು ಒಂದರ ಮೇಲೊಂದು ಹತ್ತುತ್ತಿವೆ. ಈ ಕಾಗದವೂ ಮೊದಲಿನದಲ್ಲ.

28 ಫೆಬ್ರವರಿ, ಶನಿವಾರ

ನಿಲ್ದಾಣಕ್ಕೆ ಹೋಗಿದ್ದೆ. ಸಾಲಿನವರಲ್ಲಿ ಹೋದದ್ದು ನಾನೊಬ್ಬಳೇ, ಇದನ್ನು ಬರೆದಿಡಬೇಕು.

ಒಂದು ಸೂಟ್‌ಕೇಸು, ಹೊದಿಕೆಯಲ್ಲಿ ಸುತ್ತಿದ ಹೊಲಿಗೆ ಯಂತ್ರ. ಚೀಸು, ಬ್ರೆಡ್ಡು ಕಟ್ಟಿಕೊಂಡು ಹೋಗಿದ್ದೆ, ಕೊಟ್ಟೆ. "ದಾರಿಯುದ್ದ ನಿಮ್ಮ ಚೀಸಿನ ವಾಸನೆಗೆ ರೈಲಿನ ಡಬ್ಬಿ ಪೂರ್ತಿ ನನಗೇ ಸಿಗುತ್ತೆ," ಎಂದಳು. ಆಮೇಲೆ ನನ್ನ ಎಡಗೈ ಹಿಡಿದು, ಹೆಬ್ಬೆರಳನ್ನು ತಿರುಗಿಸಿ ನೋಡಿದಳು.

"ಈ ಉಗುರು ಕತ್ತರಿಸ್ಬೇಡಿ ಮದಮ್ವಾಜೆಲ್. ಸ್ವಲ್ಪ ಉದ್ದ ಬಿಡಿ."

"ಯಾಕೆ?"

"ಬಿಡಿ ಅಂದ್ರೆ ಬಿಡಿ. ನೋಡೋಕೆ ಚೆಂದ."

ರೈಲು ಹೊರಟಾಗ ಕೈ ಬೀಸಿದೆ. ಬಹಳ ಕಿಟಕಿಗಳಲ್ಲಿ ಬಹಳ ಜನ ಕೈ ಬೀಸುತ್ತಿದ್ದರು. ಅವಳು ಯಾವ ಕಿಟಕಿ ಎಂದು ಗೊತ್ತಾಗಲಿಲ್ಲ. ಅಷ್ಟು ಹಬೆ ಗಾಜಿಗೆ.

18 ಮಾರ್ಚ್, ಗುರುವಾರ

ಪಕ್ಕದ ಮೇಜು ಖಾಲಿ. ದೀಪವನ್ನೂ ಬಿಚ್ಚಿಕೊಂಡು ಹೋಗಿದ್ದಾರೆ.

ಆಶ್ಚರ್ಯ, ಹಸಿರು ಬಾಟಲಿ ಇನ್ನೂ ಅರ್ಧದ ಮೇಲಿದೆ. ಅಂದರೆ ಬಳಸುತ್ತಿದ್ದದ್ದು ಯಾರು ಎಂದು ಈಗ ಹೊಳೆಯಿತು. ಇರಲಿ, ಹೋದವಳ ಬಗ್ಗೆ ಕೆಟ್ಟದ್ದು ಬರೆಯಬಾರದು.

25 ಮಾರ್ಚ್, ಗುರುವಾರ

ಮತ್ತೆ ಒಂದು ಪೆಟ್ಟಿಗೆ ಹಿಂದಕ್ಕೆ ಬಂದಿದೆ. ಪೆರೆನೂ ನನ್ನನ್ನು ತಮ್ಮ ಕೋಣೆಗೆ ಕರೆದರು. ಬಾಗಿಲು ಹಾಕಿ, ಕೂರಿಸಿ, ಪೆಪ್ಪರ್‌ಮಿಂಟ್ ಡಬ್ಬಿಯನ್ನು ನನ್ನ ಕಡೆ ಸರಿಸಿದರು.

"ಹಸಿರು ಬಿರಡೆ, ಮದಮ್ವಾಜೆಲ್ ರೋಸ್ಲೆ. ಎಲ್ಲಾ ಈ ತಿಂಗಳದ್ದು. ನನಗೇ ನಂಬೋಕಾಗ್ತಿಲ್ಲ."

"ಉಕ್ಕು," ಎಂದೆ.

"ಅದೇ ಉಕ್ಕಲ್ವಾ? ಜನವರೀಲಿ ನಿಮ್ಮದು ಒಂದೂ ಬರ್ಲಿಲ್ಲ. ಫೆಬ್ರವರೀಲೂ ಇಲ್ಲ." ನನ್ನ ಮುಖ ನೋಡದೆ ಹೇಳಿದರು: "ನಿಮಗೆ ಹೇಗೂ ವಯಸ್ಸಾಯ್ತು. ಗದ್ದಲ ಬೇಡ. ಜೂನ್‌ಗೆ ನಿವೃತ್ತಿ ತಗೊಳ್ಳಿ, ಕೇಕು ತರಿಸ್ತೀವಿ. ಅಲ್ಲಿವರೆಗೆ ಹಳೇ ಬೀರು ಖಾಲಿ ಮಾಡಿ, ಆ ನಳಿಗೆಗಳನ್ನ ತೊಳೆದಿಡಿ."

ನೂನ್ಸಿಯ ಹೇಳಿದ ಹಾಗೆಯೇ ಆಯಿತು. ನಾನು ಹೋಗಲಿಲ್ಲ. ಬೈಯಲೂ ಇಲ್ಲ.

31 ಮಾರ್ಚ್, ಬುಧವಾರ

ಬೀರುವಿನಲ್ಲಿ ಹೋದ ವರ್ಷದ, ಈ ವರ್ಷದ ಮೊದಲ ತಿಂಗಳುಗಳ ಮಾಲಿದೆ, ಆರ್ಡರು ರದ್ದಾಗಿ ಉಳಿದದ್ದು. ಹಿಂದಕ್ಕೆ ಬಂದ ಪೆಟ್ಟಿಗೆಗಳೂ ಅಲ್ಲೇ ಇವೆ. ಅಚ್ಚುಗಳನ್ನು ಸುರಿದು, ಬಿರಡೆಯ ಬಣ್ಣ ಕೆದಕಿ ತೆಗೆಯಬೇಕು. ಹೆಬ್ಬೆರಳ ಉಗುರು ಉದ್ದ ಬೆಳೆದಿತ್ತು, ಅದರಿಂದಲೇ ಕೆದಕಿದೆ.

ಹಳೆಯ ಹಸಿರು ಬಿರಡೆಗಳಿಂದ ಎರಡೆರಡು ಸಿಪ್ಪೆ ಬಂದವು. ಮೇಲೊಂದು, ಅದರ ಕೆಳಗೆ ಒಡೆದದ್ದೊಂದು. ನಾನು ಒಂದೇ ಸಲ ಹಚ್ಚುವುದು. ಅಕ್ಟೋಬರ್ ಮಾಲು ಕೆದಕಿದೆ, ಎರಡು. ಡಿಸೆಂಬರ್, ಎರಡು. ಫೆಬ್ರವರಿ, ಎರಡು. ಮಾರ್ಚ್ ಮಾಲು ಕೆದಕಿದೆ. ಒಂದು.

ನಾನು ಮುಚ್ಚಿದ ನಳಿಗೆಗಳನ್ನು ಯಾರೋ ತೆರೆದಿದ್ದಾರೆ. ತೆರೆದು, ನೋಡಿ, ಮುಚ್ಚಿ, ಮೇಲೆ ಮತ್ತೆ ನನ್ನದೇ ಬಣ್ಣ ಹಚ್ಚಿದ್ದಾರೆ. ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ, ದಿನವೂ.

ಎಲ್ಲರೂ ಊಟಕ್ಕೆ ಎದ್ದ ಮೇಲೆ ಮಸೂರ ತೆಗೆದಿಟ್ಟೆ. ಕಣ್ಣು ಮುಚ್ಚಿ, ಎರಡು ಸಿಪ್ಪೆಯ ನಳಿಗೆಯಿಂದ ಒಂದು ಅಚ್ಚು ಎತ್ತಿ ಉಗುರಿನ ಮೇಲೆ ಎಳೆದೆ. ಎಣ್ಣೆಯ ಹಾಗೆ ಜಾರಿತು. ಇನ್ನೊಂದು, ಅದೂ ಜಾರಿತು. ಮಾರ್ಚ್‌ನದು ಎಳೆದೆ, ಗೀರಿತು. ಆಮೇಲೆ ಆ ನವೆಂಬರ್ ಪೆಟ್ಟಿಗೆಯ ಕೆಂಪು ಬಿರಡೆ ತೆಗೆದೆ. ಅದಕ್ಕೆ ಒಂದೇ ಸಿಪ್ಪೆ. ಗೀರಿತು. ಇನ್ನೊಂದು ಜಾರಿತು. ಮುಂದಿನದು ಗೀರಿತು.

ಕಾಗದ ಬರೆಯೋಣವೆಂದು ಕುಳಿತಿದ್ದೇನೆ. ಲಕೋಟೆಯ ಮೇಲೆ ಅವಳ ಹೆಸರು ಬರೆದೆ. ಊರಿನ ಹೆಸರು ಗೊತ್ತಿಲ್ಲ. ದಕ್ಷಿಣ ಎಂದಷ್ಟೇ ಗೊತ್ತು. ಎಂಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.